ಒಂದೇ ಕಷ್ಟ, ಎರಡು ಲೆಕ್ಕ

ಅಕ್ಕ ತಂಗಿ ಇಬ್ಬರು ಇದ್ದಾರೆ ಅಂತ ಇಟ್ಟುಕೊಳ್ಳಿ. ಚಿಕ್ಕಂದಿನಲ್ಲೇ ಇಬ್ಬರಿಗೂ ಪೋಲಿಯೋ ಬಂತು. ಕಾಲುಗಳಲ್ಲಿ ಶಕ್ತಿ ಇಲ್ಲ. ಕೋಲು ಹಿಡಿದು ನಡೆಯುತ್ತಾರೆ. ಅಕ್ಕನ ಮನೆ ತುಮಕೂರು ಜಿಲ್ಲೆಯ ಪಾವಗಡದ ಕಡೆ. ತಂಗಿಯನ್ನು ಗಡಿಯಾಚೆ, ಆಂಧ್ರದ ಮಡಕಶಿರಾ ಕಡೆ ಕೊಟ್ಟಿದ್ದಾರೆ. ಹಬ್ಬಕ್ಕೆ ತಂಗಿ ಬಂದಳು.

"ಅಕ್ಕಾ, ನಿಂಗೆ ತಿಂಗಳಿಗೆ ಎಷ್ಟು ಬರುತ್ತೆ?"

"ಎಂಟುನೂರು ಕಣೇ. ನಿಂಗೆ?"

"ಆರು ಸಾವಿರ."

ಅಕ್ಕ ಸುಮ್ಮನಾದಳು. ಆಮೇಲೆ ಕೇಳಿದಳು: "ನಿನ್ನ ಕಾಲಿಗೂ ನನ್ನ ಕಾಲಿಗೂ ಏನೇ ವ್ಯತ್ಯಾಸ?"

ಕಾಲಿನಲ್ಲಿ ವ್ಯತ್ಯಾಸ ಇಲ್ಲ. ವ್ಯತ್ಯಾಸ ಇರುವುದು ಸರ್ಕಾರಗಳ ಲೆಕ್ಕದಲ್ಲಿ.

ಹಣ ಎಲ್ಲಿಂದ ಬರುತ್ತೆ?

ಕೇಂದ್ರ ಸರ್ಕಾರ 2009ರಲ್ಲಿ ಅಂಗವಿಕಲರ ಪಿಂಚಣಿ ಶುರು ಮಾಡಿತು. ತೀರಾ ಬಡವರಿಗೆ, ನೂರಕ್ಕೆ 80 ಭಾಗ ಅಂಗವಿಕಲತೆ ಇದ್ದವರಿಗೆ ಮಾತ್ರ ಇದು ಸಿಗುತ್ತೆ. 18ರಿಂದ 79 ವರ್ಷದವರಿಗೆ ತಿಂಗಳಿಗೆ 300 ರೂಪಾಯಿ. ಅದರ ಮೇಲೆ ಎಷ್ಟು ಸೇರಿಸಬೇಕು, ಉಳಿದವರಿಗೆ ಎಷ್ಟು ಕೊಡಬೇಕು ಅನ್ನುವುದು ಆಯಾ ರಾಜ್ಯಕ್ಕೆ ಬಿಟ್ಟದ್ದು.

ಕರ್ನಾಟಕ 2021ರಲ್ಲಿ 40ರಿಂದ 75 ಭಾಗದವರಿಗೆ 600 ಇದ್ದದ್ದನ್ನು 800 ಮಾಡಿತು. 75ಕ್ಕಿಂತ ಹೆಚ್ಚಿದ್ದವರಿಗೆ 1400. ತೆಲಂಗಾಣ 2023ರಲ್ಲಿ 4016 ಮಾಡಿತು. ಆಂಧ್ರ 2024ರಲ್ಲಿ 3000ವನ್ನು 6000ಕ್ಕೆ ಏರಿಸಿತು. ಯಾವ ರಾಜ್ಯದಲ್ಲಿ ವಾಸವೋ ಆ ರಾಜ್ಯದ ಹಣ. ಗಡಿ ದಾಟಿ ಕೇಳಲಾಗದು.

ಕೆಲಸದ ಮಾತು ಏನು?

2016ರ ಕಾನೂನು ಇಡೀ ದೇಶಕ್ಕೆ ಒಂದೇ. ಸರ್ಕಾರಿ ಕೆಲಸದಲ್ಲಿ ನೂರಕ್ಕೆ 4 ಜಾಗ ಅಂಗವಿಕಲರಿಗೆ ಮೀಸಲು. 1995ರ ಕಾನೂನಿನಲ್ಲಿ ಇದು 3 ಇತ್ತು. ಬಡತನ ನೀಗಿಸುವ ಯೋಜನೆಗಳಲ್ಲಿ ನೂರಕ್ಕೆ 5 ಪಾಲು. ಅದರಲ್ಲೂ ಹೆಂಗಸರಿಗೆ ಮೊದಲು.

ಆದರೆ ಕೆಲಸ ಹೆಚ್ಚಾಗಿ ಇರುವುದು ದೊಡ್ಡ ಊರಿನಲ್ಲಿ. ಬಸ್ಸು ಹತ್ತಲಾಗದವಳು ಹೋಗುವುದು ಹೇಗೆ? ಓದು ಇಲ್ಲದಿದ್ದರೆ ಮೀಸಲು ಜಾಗವೂ ಸಿಗದು. "ಕುಂಟ ಹುಡುಗಿಗೆ ಶಾಲೆ ಯಾಕೆ?" ಅನ್ನುವ ಮನೆಯಲ್ಲೇ ಆ ಕೆಲಸ ಕೈತಪ್ಪಿ ಹೋಗುತ್ತೆ.

ನಾವು ಏನು ಮಾಡಬಹುದು?

ತಂಗಿ ಹೇಳಿದಳು: "ಅಕ್ಕಾ, ನಿನ್ನ ಡಾಕ್ಟರ್ ಸರ್ಟಿಫಿಕೇಟ್ ತೆಗಿ. ಎಷ್ಟು ಭಾಗ ಬರೆದಿದ್ದಾರೆ ಓದು."

ಇಷ್ಟು ವರ್ಷ ಆ ಕಾಗದ ಪೆಟ್ಟಿಗೆಯಲ್ಲೇ ಇತ್ತು. ಅಕ್ಕ ಈಗ ಓದು ಕಲಿತಿದ್ದಾಳೆ. ಬೆರಳಿಟ್ಟು ಓದಿದಳು. ಏಳು, ಎಂಟು. ಎಪ್ಪತ್ತೆಂಟು!

ಹಾಗಾದರೆ ಅವಳಿಗೆ ಬರಬೇಕಾದದ್ದು 800 ಅಲ್ಲ, 1400.

ಮಾರನೆಯ ದಿನ ಅಕ್ಕ ಪಂಚಾಯಿತಿಗೆ ಹೋದಳು. ಅಂಗವಿಕಲರಿಗೆ ನೆರವಾಗಲು ಅಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಅವರೂ ಅಂಗವಿಕಲರೇ. ಅವರ ನೆರವಿನಿಂದ ಅಕ್ಕ ನಾಡಕಚೇರಿಗೆ ಅರ್ಜಿ ಕೊಟ್ಟಳು. ಸಹಿಯನ್ನು ತಾನೇ ಹಾಕಿದಳು.

"1400 ಬಂದರೂ ನಿನ್ನ ಆರು ಸಾವಿರ ಆಗಲ್ಲವಲ್ಲೇ" ಅಂದಳು ಅಕ್ಕ.

"ಆಗಲ್ಲ. ಅದನ್ನ ಗ್ರಾಮಸಭೆಯಲ್ಲಿ ಕೇಳು. ಓಟು ಕೇಳೋಕೆ ಬಂದವರನ್ನೂ ಕೇಳು" ಅಂದಳು ತಂಗಿ.

ನಿಮ್ಮ ಮನೆಯಲ್ಲಿ, ನಿಮ್ಮ ಬೀದಿಯಲ್ಲಿ ಇಂಥ ಕಾಗದ ಯಾರ ಪೆಟ್ಟಿಗೆಯಲ್ಲಿದೆ? ತೆಗೆಯಿರಿ. ಓದಿ ನೋಡಿ.