ಸಾದಾ ಕ್ಯಾಮರವೂ ತೊಗರ್ಸಿಯ ಬಿಸಿಲೂ

ಉಪಕರಣ ಉತ್ತಮವಾದಷ್ಟೂ ಚಿತ್ರವು ಉತ್ತಮವಾಗುವುದೆಂಬುದು ಛಾಯಾಗ್ರಹಣದ ವಿಷಯದಲ್ಲಿ ಎಲ್ಲರೂ ಒಪ್ಪುವ ಮಾತು. ಅದನ್ನು ಸುಳ್ಳೆಂದು ಸಾಧಿಸುವುದು ನಮ್ಮ ಉದ್ದೇಶವಲ್ಲ. ಅದು ಪೂರ್ಣಸತ್ಯವಲ್ಲವೆಂಬುದನ್ನಷ್ಟೆ ತೋರಿಸಬಯಸುತ್ತೇವೆ. ನಮ್ಮ ನಾಡಿನ ಎಷ್ಟೋ ಮನೆಗಳ ಅಟ್ಟದ ಮೇಲೆ ಕಪ್ಪು ಪ್ಲಾಸ್ಟಿಕ್ಕಿನ ಹಳೆಯ ಕ್ಯಾಮರವೊಂದು ಇಂದಿಗೂ ಇದ್ದೀತು. ಬರೋಡದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ 3 ಇಂಥದು. ಹಾಂಕಾಂಗಿನಲ್ಲಿ 1960ರ ದಶಕದಲ್ಲಿ ಹುಟ್ಟಿದ ಡಯಾನಾ, ಅಲ್ಲಿಯೇ 1982ರಲ್ಲಿ ಹೊರಬಂದ ಹೋಲ್ಗಾ, ಇವು ಅದರ ದಾಯಾದಿಗಳು.

ಇವುಗಳ ರಚನೆ ಬಹು ಸರಳ. ಬೆಳಕು ಸೋರದ ಒಂದು ಪೆಟ್ಟಿಗೆ, ಮುಂದೊಂದು ಅಗ್ಗದ ಮಸೂರ, ಒಂದೇ ವೇಗದಲ್ಲಿ ತೆರೆದು ಮುಚ್ಚುವ ಶಟರು, ಬಿಸಿಲಿಗೂ ಮೋಡಕ್ಕೂ ಎರಡು ಗುರುತು. ಇಷ್ಟೇ. ಮಸೂರವು ಸಾದಾ ಆದ್ದರಿಂದ ಚಿತ್ರದ ನಡುಭಾಗ ಸ್ಪಷ್ಟವಾಗಿಯೂ ಅಂಚುಗಳು ಮಸುಕಾಗಿಯೂ ಬರುತ್ತವೆ. ಒಳಗೆ ಸೇರಿಸುವುದು 120 ಎಂಬ ಅಗಲ ಫಿಲ್ಮು. ಕೊಡಕ್ ಕಂಪೆನಿಯು ಇದನ್ನು 1901ರಲ್ಲಿ ಹೊರತಂದಿತು. ಕ್ಲಿಕ್ 3ರಲ್ಲಿ ಒಂದು ಸುರುಳಿಗೆ 6 ಸೆಂಟಿಮೀಟರ್ ಚೌಕದ 12 ಚಿತ್ರಗಳು. ರೂಢಿಯ 35 ಮಿಲಿಮೀಟರ್ ಫಿಲ್ಮಿನ ಒಂದು ಚಿತ್ರಕ್ಕಿಂತ ಈ ಚೌಕವು ವಿಸ್ತೀರ್ಣದಲ್ಲಿ ಸುಮಾರು ಮೂರೂವರೆ ಪಟ್ಟು ದೊಡ್ಡದು. ಮಸೂರದ ಬಡತನವನ್ನು ಫಿಲ್ಮಿನ ಅಗಲವು ಬಹುಮಟ್ಟಿಗೆ ತುಂಬಿಕೊಡುತ್ತದೆ.

ಯಂತ್ರದಲ್ಲಿ ಬದಲಿಸಲು ಏನೂ ಇಲ್ಲವಾದಾಗ, ಹೊಂದಿಕೊಳ್ಳಬೇಕಾದವನು ಅದನ್ನು ಹಿಡಿದವನು. ಹೇಗೆಂಬುದನ್ನು ಸ್ವಲ್ಪ ಲೆಕ್ಕಹಾಕಿ ನೋಡೋಣ. ತಿಳಿಬಿಸಿಲಿನಲ್ಲಿ 100 ವೇಗದ ಫಿಲ್ಮಿಗೆ ಎಫ್ 16ರ ಕಿಂಡಿಯಲ್ಲಿ ಸೆಕೆಂಡಿನ ನೂರನೆಯ ಒಂದು ಭಾಗ ಸಾಕು. ಪೆಟ್ಟಿಗೆಯ ಕಿಂಡಿ ಎಫ್ 11, ಶಟರಿನ ವೇಗ ಐವತ್ತನೆಯ ಒಂದು ಭಾಗ ಎಂದಿಟ್ಟುಕೊಂಡರೆ ಬೇಕಾದುದಕ್ಕಿಂತ ನಾಲ್ಕು ಪಟ್ಟು ಬೆಳಕು ಬೀಳುತ್ತದೆ. ಚಿಂತೆಯಿಲ್ಲ, ಕಪ್ಪು ಬಿಳುಪಿನ ಫಿಲ್ಮು ಬೆಳಕಿನ ಅತಿಶಯವನ್ನು ಸಹಿಸುವಷ್ಟು ಕೊರತೆಯನ್ನು ಸಹಿಸದು. ದಟ್ಟ ಮೋಡ ಕವಿದು ಬೆಳಕು ಎಂಟನೆಯ ಒಂದು ಪಾಲಿಗಿಳಿದರೆ ಅದೇ ಫಿಲ್ಮಿಗೆ ಅರ್ಧ ಹೊಟ್ಟೆ. 400 ವೇಗದ್ದಕ್ಕಾದರೆ ಆಗಲೂ ಬೇಕಾದುದರ ಎರಡರಷ್ಟು. ಆದುದರಿಂದ ಮಲೆನಾಡಿನ ಮಳೆಗಾಲಕ್ಕೆ 400, ಬೇಸಗೆಗೆ 100 ಎಂದು ಮನೆಯಲ್ಲಿಯೇ ನಿಶ್ಚಯಿಸಿಕೊಂಡು ಹೊರಡತಕ್ಕದ್ದು.

ಶಿಕಾರಿಪುರ ತಾಲ್ಲೂಕಿನ ತೊಗರ್ಸಿಯಲ್ಲಿ, ಮಲ್ಲಿಕಾರ್ಜುನ ದೇವಾಲಯದ ಮುಂದೆ, ಈ ಪೆಟ್ಟಿಗೆಯೊಡನೆ ನಿಂತವನು ಮೊದಲು ಗಮನಿಸಬೇಕಾದುದು ಹೊತ್ತನ್ನು. ನೆತ್ತಿಯ ಬಿಸಿಲಿನಲ್ಲಿ ಮೇಲೆ ಚಾಚಿದ ಕಲ್ಲಿನ ನೆರಳು ಕೆಳಗಿನ ಕೆತ್ತನೆಯನ್ನು ನುಂಗಿಬಿಡುತ್ತದೆ. ಎಳೆಬಿಸಿಲು ಓರೆಯಾಗಿ ತಾಗಿದಾಗ ಪ್ರತಿಯೊಂದು ಗೆರೆಗೂ ಅದರದೇ ನೆರಳು ಒದಗಿ ಕಲ್ಲು ಎದ್ದು ಕಾಣುತ್ತದೆ. ಎರಡನೆಯದು ದೂರ. ಹತ್ತಿರದ ವಸ್ತು ಈ ಮಸೂರಕ್ಕೆ ಹಿಡಿಯದು. ಮೂರು ನಾಲ್ಕು ಗಜ ಹಿಂದೆ ಸರಿದು ನಿಲ್ಲಬೇಕು. ಮೂರನೆಯದು ಕೈ. ಶಟರು ನಿಧಾನವಾದುದರಿಂದ ಪೆಟ್ಟಿಗೆಯನ್ನು ಎದೆಗೊತ್ತಿಕೊಂಡು, ಉಸಿರು ಹಿಡಿದು ಒತ್ತತಕ್ಕದ್ದು. ಕತ್ತಲೆಯ ಒಳಮಂಟಪಕ್ಕೆ ಇದು ಸಲ್ಲದು. ಬೇಕಾದಷ್ಟು ಹೊತ್ತು ಶಟರನ್ನು ತೆರೆದಿಡುವ ಏರ್ಪಾಡು ಇದ್ದರೆ ಪೆಟ್ಟಿಗೆಯನ್ನು ಜಗಲಿಯ ಮೇಲಿಟ್ಟು ಪ್ರಯತ್ನಿಸಬಹುದು, ಅರ್ಚಕರ ಅಪ್ಪಣೆ ಪಡೆದು.

ಹಿಂಬದಿಯ ಕೆಂಪು ಕಿಟಕಿಯ ವಿಚಾರವಾಗಿಯೂ ಒಂದು ಮಾತು. ಫಿಲ್ಮಿನ ಬೆನ್ನಿಗಿರುವ ಕಾಗದದ ಅಂಕಿಗಳನ್ನು ಅದರಲ್ಲಿ ನೋಡಿ ಸುರುಳಿಯನ್ನು ಮುಂದೆ ತಿರುಗಿಸುತ್ತೇವೆ. ಹಿಂದಿನ ಫಿಲ್ಮುಗಳಿಗೆ ಕೆಂಪು ಬೆಳಕು ತಾಗುತ್ತಿರಲಿಲ್ಲ. ಈಗಿನ ಬಹುಪಾಲು ಫಿಲ್ಮುಗಳಿಗೆ ತಾಗುತ್ತದೆ. ಆದಕಾರಣ ತಿರುಗಿಸುವಾಗಲ್ಲದೆ ಉಳಿದ ವೇಳೆಯಲ್ಲಿ ಕಿಟಕಿಯ ಮೇಲೆ ಕಪ್ಪು ಪಟ್ಟಿ ಅಂಟಿಸಿಡುವುದು ಲೇಸು. ಚಿತ್ರ ತೆಗೆದೊಡನೆ ಸುರುಳಿಯನ್ನು ತಿರುಗಿಸುವುದೂ ಅಭ್ಯಾಸವಾಗಬೇಕು. ಮರೆತರೆ ದೇವರೂ ಭಕ್ತರೂ ಒಂದೇ ಚೌಕದಲ್ಲಿ ಬೆರೆತುಹೋಗುವರು.

ಇಷ್ಟು ಕಷ್ಟವೇಕೆಂದು ಕೇಳುವವರುಂಟು. ಈ ಸೀಮೆಯ ಚರಿತ್ರೆಯೇ ಅದಕ್ಕೆ ಉತ್ತರ ಹೇಳುತ್ತದೆ. 1865ರಲ್ಲಿ ಮೇಜರ್ ಡಿಕ್ಸನ್ ಅವರು ಮೈಸೂರು ಸೀಮೆಯ ಶಾಸನಗಳ ಛಾಯಾಚಿತ್ರಗಳನ್ನು ತೆಗೆದರು. ಮುಖ್ಯವಾಗಿ ಆ ಚಿತ್ರಗಳನ್ನು ಆಧರಿಸಿ ಬಿ. ಎಲ್. ರೈಸ್ ಅವರು 1879ರಲ್ಲಿ ಶಾಸನಗಳ ಅನುವಾದವನ್ನು ಪ್ರಕಟಿಸಿದರು. ಮುಂದೆ ಶಿಕಾರಿಪುರದ ಶಾಸನಗಳು 1902ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಏಳನೆಯ ಸಂಪುಟದಲ್ಲಿಯೂ, ಸೊರಬದವು ಎಂಟನೆಯದರಲ್ಲಿಯೂ ಅಚ್ಚಾದವು. ಸಾದಾ ಪೆಟ್ಟಿಗೆಯಿಂದ ಶಾಸನದ ಅಕ್ಷರಗಳನ್ನು ಓದಿಸುವುದು ದುಸ್ಸಾಧ್ಯ, ನಿಜ. ಆದರೆ ಕಲ್ಲು ಎಲ್ಲಿ ನಿಂತಿತ್ತು, ಜಗಲಿ ಹೇಗಿತ್ತು, ಗೋಡೆಗೆ ಸುಣ್ಣ ಬಳಿಯುವ ಮೊದಲು ಏನು ಕಾಣುತ್ತಿತ್ತು, ಇವುಗಳಿಗೆ ಅದು ಸಾಕ್ಷಿ ನುಡಿಯಬಲ್ಲುದು. ಜಾತ್ರೆಗೆ ಹೋದ ಕುಟುಂಬವೊಂದು ಗುಡಿಯ ಮುಂದೆ ನಿಂತು ತೆಗೆಸಿಕೊಂಡ ಚಿತ್ರದ ಹಿನ್ನೆಲೆಯಲ್ಲಿ ಇಂಥ ಸಾಕ್ಷ್ಯ ಅಡಗಿರುವುದು ಅಸಂಭವವಲ್ಲ.

ಆದುದರಿಂದ ಅಟ್ಟದಿಂದ ಕ್ಯಾಮರವನ್ನು ಇಳಿಸುವವರು ಅದರೊಡನೆ ಇರುವ ಹಳೆಯ ನೆಗೆಟಿವುಗಳನ್ನು ಕಸವೆಂದು ಎಸೆಯಬಾರದು. ಮಲೆನಾಡಿನ ತೇವಕ್ಕೆ ಅವು ಬೂಷ್ಟು ಹಿಡಿಯುತ್ತವೆ. ಒಣ ಕಾಗದದ ಲಕೋಟೆಯಲ್ಲಿ ಒಂದೊಂದನ್ನೂ ಬೇರೆಬೇರೆಯಾಗಿಟ್ಟು, ಮೇಲೆ ಊರು, ವರ್ಷ, ನಿಂತವರ ಹೆಸರು ಬರೆದಿಡಬೇಕು. ನೆನಪಿರುವ ಹಿರಿಯರು ಮನೆಯಲ್ಲಿರುವಾಗಲೇ ಈ ಕೆಲಸವಾಗತಕ್ಕದ್ದು.