ಗುರುವಾಗುವವರಿಗೆ ಪೂರಕ ಪಾಠ

ಎಳೆಯ ಮಕ್ಕಳಿಗೆ ಅಕ್ಷರ ಕಲಿಸುವುದು ಸುಲಭದ ಕೆಲಸವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಕಾಲೇಜಿನ ಅಧ್ಯಾಪಕರಿಗೆ ಸಲ್ಲುವ ಮನ್ನಣೆ ಒಂದನೆಯ ತರಗತಿಯ ಶಿಕ್ಷಕರಿಗೆ ಸಲ್ಲದು. ಅಡಿಪಾಯವೇ ಸಡಿಲವಾದರೆ ಮೇಲಿನ ಅಂತಸ್ತಿನ ಗತಿಯೇನು?

ಶಿಕ್ಷಕರ ತರಬೇತಿಗೆಂದು 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲವಾಗಿ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು ಹುಟ್ಟಿದವು. ಎರಡು ವರ್ಷಗಳ ಡಿಪ್ಲೊಮಾದಲ್ಲಿ ಮನೋವಿಜ್ಞಾನ, ಬೋಧನಾ ಪದ್ಧತಿ, ಅಭ್ಯಾಸ ಪಾಠ ಎಲ್ಲವೂ ಉಂಟು. ಆದರೂ ಪ್ರಶಿಕ್ಷಣಾರ್ಥಿಯು ಅಭ್ಯಾಸಕ್ಕೆಂದು ಸಾಮಾನ್ಯವಾಗಿ ಒಂದು ತರಗತಿಗೆ ಒಂದು ವಿಷಯವನ್ನು ಒಂದು ಅವಧಿಯಲ್ಲಿ ಬೋಧಿಸುತ್ತಾನೆ. ನೌಕರಿ ದೊರೆತಾಗ ಕಾಣುವ ಶಾಲೆಯೇ ಬೇರೆ. 2009ರ ಶಿಕ್ಷಣ ಹಕ್ಕು ಕಾಯಿದೆಯಂತೆ 60 ಮಕ್ಕಳವರೆಗಿನ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರು. ತರಗತಿಗಳು ಮಾತ್ರ ಐದು. ಈ ಅಂತರವನ್ನು ತುಂಬುವುದೇ ಪೂರಕ ಪಠ್ಯಕ್ರಮದ ಕೆಲಸ. ಅದು ಮತ್ತೊಂದು ದಪ್ಪ ಪುಸ್ತಕವಾಗಬಾರದು. ಅದರಲ್ಲಿ ಮೂರು ಅಂಶಗಳಿದ್ದರೆ ಸಾಕೆಂದು ನಾವು ಭಾವಿಸುತ್ತೇವೆ.

ಮೊದಲನೆಯದು, ಹಲವು ತರಗತಿಗಳನ್ನು ಒಟ್ಟಿಗೆ ನಡೆಸುವ ಅಭ್ಯಾಸ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ‘ನಲಿ-ಕಲಿ’ ಇದಕ್ಕೆ ನಮ್ಮ ನಾಡಿನದೇ ನಿದರ್ಶನ. ಅಲ್ಲಿ ಮಕ್ಕಳು ಗುಂಪುಗಳಲ್ಲಿ ಕುಳಿತು, ಕಲಿಕಾ ಕಾರ್ಡುಗಳ ಆಧಾರದಿಂದ ತಮ್ಮ ತಮ್ಮ ವೇಗದಲ್ಲಿ ಮೆಟ್ಟಿಲೇರುತ್ತಾರೆ. ಇಂಥ ಶಾಲೆಯಲ್ಲಿ ಪ್ರಶಿಕ್ಷಣಾರ್ಥಿಯು ವಾರಕ್ಕೊಂದು ಪೂರ್ಣ ದಿನ ದುಡಿಯಬೇಕು.

ಎರಡನೆಯದು, ಮನೆಮಾತಿನ ಅರಿವು. ಲಂಬಾಣಿ, ತುಳು, ಉರ್ದು ಆಡುವ ಮನೆಗಳ ಮಕ್ಕಳಿಗೆ ಪುಸ್ತಕದ ಕನ್ನಡ ಹೊಸದು. ಕನ್ನಡವೇ ಮನೆಮಾತಾದರೂ ‘ಹಾಲು’ ಎಂಬುದನ್ನು ‘ಆಲು’ ಎನ್ನುವ ಮಗುವುಂಟು. ಅದನ್ನು ದಡ್ಡತನವೆನ್ನದೆ, ಆಡುನುಡಿಯಿಂದ ಬರಹಕ್ಕೆ ಕರೆತರುವುದನ್ನು ಶಿಕ್ಷಕರು ಕಲಿತಿರಬೇಕು.

ಮೂರನೆಯದು, ತಪ್ಪನ್ನು ಓದುವ ಕಲೆ. ಮೂವತ್ತನಾಲ್ಕನ್ನು ಮಗು 304 ಎಂದು ಬರೆದರೆ ಅದು ಅಜಾಗ್ರತೆಯಲ್ಲ; ಕಿವಿಗೆ ಬಿದ್ದಂತೆ ಮೂವತ್ತನ್ನೂ ನಾಲ್ಕನ್ನೂ ಬರೆದಿದೆ. ಕೆಂಪು ಗೆರೆ ಎಳೆದರೆ ಮಗು ಅಂಜುತ್ತದೆ. ಹತ್ತು ಹತ್ತು ಕಡ್ಡಿಗಳ ಮೂರು ಕಟ್ಟು, ಬಿಡಿಯಾಗಿ ನಾಲ್ಕು ಕಡ್ಡಿಗಳನ್ನು ಕೊಟ್ಟು ಎಣಿಸಹಚ್ಚಿದರೆ ಸ್ಥಾನಬೆಲೆ ತಿಳಿಯುತ್ತದೆ. ಪ್ರಶಿಕ್ಷಣಾರ್ಥಿಗಳು ಮಕ್ಕಳ ಇಂಥ ಬರಹಗಳನ್ನು ಸಂಗ್ರಹಿಸಿ, ಒಂದೊಂದರ ಕಾರಣವನ್ನೂ ಗುರುಗಳೊಡನೆ ಚರ್ಚಿಸಬೇಕು. ಈ ಅಂಶಗಳಿಗೆ ಲಿಖಿತ ಪರೀಕ್ಷೆ ಬೇಡ; ಅವರ ದಿನಚರಿ ಪುಸ್ತಕವೇ ಪರೀಕ್ಷೆಯಾಗಲಿ.

ಇದೆಲ್ಲ ಸರ್ಕಾರದ ಹೊಣೆಯೆಂದು ಗೃಹಸ್ಥರು ಸುಮ್ಮನಿರುವಂತಿಲ್ಲ. ಮನೆಯ ಮಗನೋ ಮಗಳೋ ಪ್ರಾಥಮಿಕ ಶಿಕ್ಷಕರಾಗುವೆವೆಂದಾಗ ‘ಬೇರೇನೂ ಸಿಗಲಿಲ್ಲವೇ?’ ಎನ್ನದಿರೋಣ. ಆ ಮಾತು ನಿಲ್ಲುವವರೆಗೂ ಎಂಥ ಪಠ್ಯಕ್ರಮವೂ ಅರ್ಧ ಫಲವನ್ನಷ್ಟೇ ಕೊಟ್ಟೀತು.