ಬಂಕಾಪುರದ ಕೋಟೆ: ಹೆಸರು, ಶಾಸನ, ಗೋಡೆ

ಹಾಳುಬಿದ್ದ ಕೋಟೆಯನ್ನು ಕಂಡವರು ಮೊದಲು ಕೇಳುವ ಪ್ರಶ್ನೆ ‘ಇದನ್ನು ಕಟ್ಟಿಸಿದವರು ಯಾರು?’ ಎಂಬುದು. ಪ್ರಶ್ನೆ ಸಹಜವಾದುದೇ, ಆದರೆ ಅದಕ್ಕೆ ಒಂದೇ ಹೆಸರಿನ ಉತ್ತರ ಎಲ್ಲೆಡೆಯೂ ದೊರೆಯಲಾರದು. ಬ್ರಿಟನ್ನಿನ ವೇಲ್ಸ್ ಪ್ರಾಂತದಲ್ಲಿರುವ ಕಾನ್ವಿ ಕೋಟೆಯನ್ನು ಇಂಗ್ಲೆಂಡಿನ ಅರಸ ಒಂದನೆಯ ಎಡ್ವರ್ಡನು 1283ರಲ್ಲಿ ಆರಂಭಿಸಿ ಕೆಲವೇ ವರ್ಷಗಳಲ್ಲಿ ಮುಗಿಸಿದನು. ಆ ಕೆಲಸದ ವೆಚ್ಚದ ಲೆಕ್ಕಪತ್ರಗಳೂ ಉಳಿದು ಬಂದಿವೆ. ನಮ್ಮ ನಾಡಿನ ಅನೇಕ ಕೋಟೆಗಳ ಸಂಗತಿ ಬೇರೆ. ಅವು ಹಲವು ಅರಸುಮನೆತನಗಳ ಕೈದಾಟಿ ಬಂದಂಥವು. ಅವುಗಳ ಚರಿತ್ರೆಯನ್ನು ಬಿಡಿಬಿಡಿಯಾದ ಸಾಧನಗಳಿಂದ ಕೂಡಿಸಿಕೊಳ್ಳಬೇಕು. ಇದಕ್ಕೆ ಬಂಕಾಪುರವು ಒಳ್ಳೆಯ ನಿದರ್ಶನ. 1997ರಲ್ಲಿ ಹಾವೇರಿ ಜಿಲ್ಲೆಯು ರಚಿತವಾಗುವ ವರೆಗೆ ಈ ಊರು ಧಾರವಾಡ ಜಿಲ್ಲೆಗೆ ಸೇರಿತ್ತು. ಕುಂದಗೋಳ ತಾಲೂಕಿನ ಕುಬಿಹಾಳದಂತಹ ಊರುಗಳಿಂದ ಕಾಲೇಜಿಗೆ ಬರುವ ವಿದ್ಯಾರ್ಥಿಗಳು ಒಂದೇ ದಿನದಲ್ಲಿ ಹೋಗಿ ನೋಡಿ ಬರಬಹುದಾದ ಸ್ಥಳವಿದು.

ಮೊದಲು ಊರಿನ ಹೆಸರು. ರಾಷ್ಟ್ರಕೂಟ ಅಮೋಘವರ್ಷನ ಆಳ್ವಿಕೆಯಲ್ಲಿ ಬನವಾಸಿ ನಾಡಿನ ಅಧಿಕಾರಿಯಾಗಿದ್ದ ಬಂಕೇಯನಿಂದ ಊರಿಗೆ ಈ ಹೆಸರು ಬಂದಿತು. ಬಂಕೇಯನ ಸೇವೆಗೆ ಮೆಚ್ಚಿ ಅರಸನು ಶಕ 782ರಲ್ಲಿ, ಎಂದರೆ ಕ್ರಿ. ಶ. 860ರಲ್ಲಿ, ಜಿನಾಲಯವೊಂದಕ್ಕೆ ದಾನವಿತ್ತುದನ್ನು ಕೊಣ್ಣೂರಿನ ಶಾಸನವು ತಿಳಿಸುತ್ತದೆ. ಆದರೆ ಇಂದು ಉಳಿದಿರುವ ಆ ಕಲ್ಲು, ಹಳೆಯ ತಾಮ್ರಶಾಸನದ ಪಾಠವನ್ನು 12ನೆಯ ಶತಮಾನದಲ್ಲಿ ಕಲ್ಲಿಗೆ ಇಳಿಸಿದ ಪ್ರತಿ ಎಂಬುದನ್ನು ಮರೆಯಬಾರದು. ಗುಣಭದ್ರನ ‘ಉತ್ತರಪುರಾಣ’ದ ಪ್ರಶಸ್ತಿಯು ಶಕ 820ರಲ್ಲಿ ಬಂಕೇಯನ ಮಗ ಲೋಕಾದಿತ್ಯನು ಬಂಕಾಪುರದಿಂದ ಬನವಾಸಿ ನಾಡನ್ನು ಆಳುತ್ತಿದ್ದನೆಂದು ಹೇಳುತ್ತದೆ. ಗಂಗ ಅರಸ ಇಮ್ಮಡಿ ಮಾರಸಿಂಹನು 974ರ ಸುಮಾರಿಗೆ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನ ವ್ರತದಿಂದ ದೇಹತ್ಯಾಗ ಮಾಡಿದುದೂ ಈ ಊರಿನಲ್ಲಿಯೇ. ಇದು ಶ್ರವಣಬೆಳ್ಗೊಳದ ಶಾಸನದಿಂದ ತಿಳಿಯುತ್ತದೆ. ಬಂಕಾಪುರವು ಕಾಳಗದ ನೆಲೆ ಮಾತ್ರವಲ್ಲ, ವಿದ್ಯೆಯ ಮತ್ತು ಧರ್ಮದ ಕ್ಷೇತ್ರವೂ ಆಗಿದ್ದಿತೆಂಬುದು ಇದರಿಂದ ಸ್ಪಷ್ಟ.

ಕೋಟೆಯ ಶಾಸನಗಳಲ್ಲಿ ಶಕ 977ರ, ಎಂದರೆ 1055ರ, ಹಳಗನ್ನಡ ಶಾಸನವು ಮುಖ್ಯವಾದುದು. ಚಾಲುಕ್ಯ ರಾಜಕುಮಾರ ವಿಕ್ರಮಾದಿತ್ಯನು ಗಂಗವಾಡಿ ಹಾಗೂ ಬನವಾಸಿ ನಾಡುಗಳನ್ನು ಆಳುತ್ತಿದ್ದಾಗ, ಅವನ ಅಧೀನನಾದ ಕದಂಬ ಹರಿಕೇಸರಿಯು ಜಿನಾಲಯಕ್ಕಿತ್ತ ದಾನ ಅದರಲ್ಲಿ ಉಕ್ತವಾಗಿದೆ. ಇದೇ ವಿಕ್ರಮಾದಿತ್ಯನು ಮುಂದೆ 1076ರಲ್ಲಿ ಪಟ್ಟವೇರಿದನು. ಮರುಶತಮಾನದಲ್ಲಿ ಹೊಯ್ಸಳ ವಿಷ್ಣುವರ್ಧನನು ಬಂಕಾಪುರವನ್ನು ತನ್ನ ನೆಲೆವೀಡಾಗಿ ಮಾಡಿಕೊಂಡಿದ್ದನು. ಕೋಟೆಯೊಳಗಿನ ನಗರೇಶ್ವರ ದೇವಾಲಯವು ಚಾಲುಕ್ಯಶೈಲಿಯದು. ಚರಕಿ ಹಿಡಿದಂತೆ ನುಣುಪಾಗಿ ಕಡೆದ ಕಂಬಗಳ ವಿಶಾಲ ಮಂಟಪವಿರುವುದರಿಂದ ಜನರು ಇದನ್ನು ‘ಅರವತ್ತು ಕಂಬದ ಗುಡಿ’ ಎಂದೇ ಕರೆಯುತ್ತಾರೆ.

ಮುಂದಿನ ಕಾಲಕ್ಕೆ ನಮಗೆ ದೊರೆಯುವ ಸಾಧನ ಫಿರಿಸ್ತಾನ ಗ್ರಂಥ. ಬಹಮನಿ ಫಿರೋಜಶಹನು 1406ರ ಯುದ್ಧದ ತರುವಾಯ ವಿಜಯನಗರದ ಅರಸನಿಂದ ಈ ಕೋಟೆಯನ್ನು ಬಳುವಳಿಯಾಗಿ ಪಡೆದನೆಂದು ಅವನು ಬರೆದಿದ್ದಾನೆ. ರಕ್ಕಸತಂಗಡಿಯ ಯುದ್ಧವಾದ ಕೆಲವು ವರ್ಷಗಳ ಮೇಲೆ, 1573ರ ಸುಮಾರಿಗೆ, ಬಿಜಾಪುರದ ಒಂದನೆಯ ಅಲಿ ಆದಿಲಶಹನು ಬಂಕಾಪುರಕ್ಕೆ ಮುತ್ತಿಗೆ ಹಾಕಿದನು. ಕೋಟೆಯೊಡೆಯ ವೇಲಪ್ಪನು ಒಂದು ವರ್ಷ ಮೂರು ತಿಂಗಳು ಪ್ರತಿಭಟಿಸಿ ಕೊನೆಗೆ ಶರಣಾದನು. ಗೆದ್ದ ಸುಲ್ತಾನನು ಭವ್ಯವಾದ ದೇವಾಲಯವೊಂದನ್ನು ಕೆಡವಿಸಿ ಮಸೀದಿಗೆ ಅಡಿಗಲ್ಲು ಹಾಕಿಸಿದನು ಎಂದು ಫಿರಿಸ್ತಾ ಹೇಳುತ್ತಾನೆ.

ಇಲ್ಲಿ ಸಂಶೋಧಕನು ಎಚ್ಚರ ವಹಿಸಬೇಕು. ಕೆಡವಲ್ಪಟ್ಟ ದೇವಾಲಯ ಒಂದೆಂದು ಗ್ರಂಥವು ಹೇಳುತ್ತದೆ. ಹಾನಿಗೊಂಡರೂ ನಿಂತಿರುವ ದೇವಾಲಯ ಒಂದನ್ನು ನಾವು ಕಣ್ಣಾರೆ ಕಾಣುತ್ತೇವೆ. ಎರಡೂ ಒಂದೇ ಎಂದು ಊಹಿಸಿ ಬರೆಯುವುದು ಸುಲಭ. ಆದರೆ ಬೇರೆ ಆಧಾರವಿಲ್ಲದೆ ಹಾಗೆ ಬರೆಯುವುದು ಚರಿತ್ರೆಯಾಗದು. ಹಾಗೆಯೇ ಫಿರಿಸ್ತಾನು ಬಿಜಾಪುರದ ಆಶ್ರಯದಲ್ಲಿದ್ದವನೆಂದು ಅವನ ಮಾತನ್ನು ಪೂರ್ತಿ ತಳ್ಳಿಹಾಕುವುದೂ ಸರಿಯಲ್ಲ. ಬಂಕೇಯನ ಹೆಸರು ಪ್ರಾಚೀನವಾದ ಮಾತ್ರಕ್ಕೆ ಕೋಟೆಯ ಗೋಡೆಯೂ ಅಷ್ಟೇ ಪ್ರಾಚೀನವೆನ್ನಲಾಗದು. ಮುತ್ತಿಗೆಯಲ್ಲಿ ಬಿದ್ದ ಗೋಡೆಯನ್ನು ಗೆದ್ದವರು ಮತ್ತೆ ಕಟ್ಟಿಸುತ್ತಿದ್ದರು. ತೋಪಿನ ಕಾಲ ಬಂದ ಮೇಲೆ ಗೋಡೆ, ಕೊತ್ತಳಗಳ ರೂಪವೂ ಬದಲಾಯಿತು. ಆದುದರಿಂದ ಗೋಡೆಯ ಕಾಲವನ್ನು ಗೋಡೆಯ ಕಲ್ಲುಗೆಲಸದಿಂದಲೇ ನಿರ್ಣಯಿಸಬೇಕು. ಹೆಸರು, ಶಾಸನ, ಗ್ರಂಥ, ಗೋಡೆ ಇವು ನಾಲ್ಕು ಬೇರೆ ಬೇರೆ ಸಾಕ್ಷಿಗಳು. ಒಂದರ ಮಾತನ್ನು ಇನ್ನೊಂದರ ಬಾಯಲ್ಲಿ ಹಾಕಬಾರದು.

ಈಗ ಕೋಟೆಯ ಆವರಣದಲ್ಲಿ ಖಿಲಾರಿ ದನಗಳ ತಳಿ ಸಂವರ್ಧನ ಕ್ಷೇತ್ರವಿದೆ. ಇಲ್ಲಿಯ ನವಿಲುಗಳ ರಕ್ಷಣೆಗಾಗಿ 2006ರಲ್ಲಿ ಈ ಪ್ರದೇಶವನ್ನು ಸಂರಕ್ಷಿತ ಪ್ರದೇಶವೆಂದು ಸಾರಲಾಯಿತು. ನವಿಲಿಗೆ ದೊರೆತ ಈ ಆಸರೆ ಕಲ್ಲಿಗೂ ದೊರೆಯಬೇಕು. ಶಾಸನವು ನಿಂತ ಸ್ಥಳದಿಂದ ಕದಲಿದರೆ, ಅಕ್ಷರಗಳು ಉಳಿದರೂ ಅರ್ಥದ ಅರ್ಧ ಭಾಗ ಹೋದಂತೆಯೇ. ವಿದ್ಯಾರ್ಥಿಗಳು ಬಂಕಾಪುರವನ್ನು ನೋಡಿ ಬಂದ ಮೇಲೆ ತಮ್ಮ ತಮ್ಮ ಊರಿನ ಹುಡೇವು, ಅಗಸಿ, ವೀರಗಲ್ಲುಗಳನ್ನು ಇದೇ ಕಣ್ಣಿನಿಂದ ನೋಡಿ, ಅವು ಇರುವ ಸ್ಥಳವನ್ನೂ ಸ್ಥಿತಿಯನ್ನೂ ಬರೆದಿಡುವುದು ಅವಶ್ಯ. ನಾಡಿನ ಚರಿತ್ರೆಗೆ ಇನ್ನೂ ಸೇರಬೇಕಾದ ಪುಟಗಳು ಇಂತಹ ಟಿಪ್ಪಣಿಗಳಿಂದಲೇ ಬರಬೇಕಾಗಿವೆ.